ನೋಯುವ ಹಿಮ್ಮಡಿ, ನೋಯದ ಹಿಮ್ಮಡಿ

ಕಳೆದ ಸಂಚಿಕೆಯಲ್ಲಿ ಕಣ್ಣಿನ ಆರೈಕೆಯ ಬಗ್ಗೆ ತಿಳಿದುಕೊಂಡೆವು. ಈ ತಿಂಗಳು ಕಣ್ಣಿನಿಂದ ಅತಿ ದೂರದಲ್ಲಿರುವ ಅಂಗಕ್ಕೆ ಬರೋಣ. ಅದು ನಮ್ಮ ಹಿಮ್ಮಡಿ. ಮುಖಕ್ಕೆ ದಿನಕ್ಕೆ ನಾಲ್ಕು ಸಲ ಕನ್ನಡಿ ಹಿಡಿಯುತ್ತೇವೆ. ಹಿಮ್ಮಡಿಯನ್ನು ತಿಂಗಳಿಗೊಮ್ಮೆಯಾದರೂ ತಿರುಗಿಸಿ ನೋಡುವವರು ಎಷ್ಟು ಮಂದಿ? ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳಲು ಹೆಸರು ಕೊಟ್ಟವರು ಮಾತ್ರ ಹಿಂದಿನ ರಾತ್ರಿ ಕುಳಿತು ಚೆನ್ನಾಗಿ ಉಜ್ಜಿಕೊಳ್ಳುತ್ತಾರೆ! ಉಳಿದವರಿಗೆ ಹಿಮ್ಮಡಿಯ ನೆನಪಾಗುವುದು ಅದು ಒಡೆದು ಹೊದಿಕೆಯ ನೂಲಿಗೆ ಸಿಕ್ಕಿಕೊಂಡಾಗ, ಹೆಜ್ಜೆ ಇಟ್ಟರೆ ಚುರ್ರೆಂದಾಗ.

ಈ ಲೇಖನದಲ್ಲಿ ಹೇಳಬೇಕಾದ್ದು ಮುಖ್ಯವಾಗಿ ಎರಡೇ ಮಾತು. ನೋಯುವ ಹಿಮ್ಮಡಿಗೆ ಹೆಚ್ಚಿನಂಶ ಮನೆಯಲ್ಲೇ ಪರಿಹಾರವಿದೆ. ಅದಕ್ಕೆ ಬೇಕಾದ್ದು ನೀರು, ಎಣ್ಣೆ ಮತ್ತು ತಾಳ್ಮೆ. ಆದರೆ ಒಡೆದರೂ ನೋಯದ ಹಿಮ್ಮಡಿಗೆ ಮನೆಮದ್ದು ಸಾಲದು. ಅದಕ್ಕೆ ಬೇಕಾದ್ದು ವೈದ್ಯರು, ಅದೂ ತಡಮಾಡದೆ. ನಾವು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ ಮಾಡುತ್ತೇವೆ. ನೋವಿದ್ದರೆ ಓಡಾಡಿ ಔಷಧ ತರುತ್ತೇವೆ, ನೋವಿಲ್ಲದಿದ್ದರೆ ಸುಮ್ಮನಿರುತ್ತೇವೆ. ಕಾಲು ಕಳೆದುಕೊಳ್ಳುವವರಲ್ಲಿ ಅನೇಕರು ಹೀಗೆ ಸುಮ್ಮನಿದ್ದವರೇ.

ಹಿಮ್ಮಡಿ ಏಕೆ ಒಡೆಯುತ್ತದೆ?

ನಮ್ಮ ಚರ್ಮದ ಬಹುಭಾಗದಲ್ಲಿ ಎಣ್ಣೆ ಒಸರುವ ಸಣ್ಣ ಗ್ರಂಥಿಗಳಿವೆ. ಚರ್ಮವನ್ನು ಮೆತ್ತಗಿಡುವುದು ಈ ಎಣ್ಣೆ. ಆದರೆ ಅಂಗೈ ಮತ್ತು ಅಂಗಾಲಿನಲ್ಲಿ ಈ ಗ್ರಂಥಿಗಳೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಆದ್ದರಿಂದ ಗಾಳಿ ಒಣಗಿದಾಗ ಮೊದಲು ಒಣಗುವುದು ಹಿಮ್ಮಡಿ. ಜೊತೆಗೆ ದೇಹದಲ್ಲೇ ಅತ್ಯಂತ ದಪ್ಪ ಚರ್ಮ ಇರುವುದೂ ಅಂಗಾಲಿನಲ್ಲಿ. ಇದರ ಮೇಲೆ ಒತ್ತಡ, ಉಜ್ಜಾಟ ಹೆಚ್ಚಾದಂತೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ದಪ್ಪವಾಗುತ್ತದೆ. ಇದನ್ನೇ ಜಡ್ಡುಗಟ್ಟುವುದು ಎನ್ನುತ್ತೇವೆ.

ಹಿಮ್ಮಡಿಯ ಮೂಳೆಯ ಕೆಳಗೆ ಕೊಬ್ಬಿನ ಒಂದು ಮೆತ್ತೆ ಇದೆ. ನಾವು ನಿಂತಾಗ ಮೈಭಾರಕ್ಕೆ ಅದು ಪಕ್ಕಕ್ಕೆ ಹರಡುತ್ತದೆ. ಚರ್ಮ ಮೆತ್ತಗಿದ್ದರೆ ಅದರೊಂದಿಗೆ ಹಿಗ್ಗುತ್ತದೆ. ಒಣಗಿ ಜಡ್ಡುಗಟ್ಟಿದ್ದರೆ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಬೇಸಿಗೆಯಲ್ಲಿ ಕೆರೆಯ ಮಣ್ಣು ಬಿರಿಯುವುದನ್ನು ನೀವು ನೋಡಿದ್ದೀರಿ. ಇದೂ ಹಾಗೆಯೇ. ಹಿಂಬದಿ ತೆರೆದ ಚಪ್ಪಲಿಯಲ್ಲಿ ಈ ಮೆತ್ತೆಗೆ ತಡೆ ಇರುವುದಿಲ್ಲ, ಹಾಗಾಗಿ ಸೀಳುವುದು ಹೆಚ್ಚು.

ಬರಿಗಾಲ ನಡಿಗೆ, ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದು, ಹೆಚ್ಚಿನ ಮೈತೂಕ, ದಿನವಿಡೀ ನೀರಿನಲ್ಲಿ ಕೆಲಸ, ಬಟ್ಟೆ ಸೋಪಿನಲ್ಲೇ ಕಾಲು ಉಜ್ಜುವುದು, ಸಿಮೆಂಟು, ಬ್ಲೀಚಿಂಗ್ ಪುಡಿ, ವಯಸ್ಸು, ಇವೆಲ್ಲ ಒಡಕಿಗೆ ಕಾರಣಗಳು. ಏನು ಮಾಡಿದರೂ ಒಡಕು ಹೋಗುತ್ತಿಲ್ಲವೆಂದರೆ ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಸೋರಿಯಾಸಿಸ್ ಅಥವಾ ಶಿಲೀಂಧ್ರದ ಸೋಂಕು ಹಿಂದೆ ಅಡಗಿರಬಹುದು. ಆಗ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನಮ್ಮ ಪತ್ರಿಕೆಯ ಓದುಗರು ಹಲವು ಹವೆಗಳಲ್ಲಿ ಬದುಕುವವರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ಒಣಗಾಳಿಯೇ ಶತ್ರು. ನೀಲಗಿರಿಯಲ್ಲಿ ಚಳಿ. ಹೊಸೂರಿನ ಕಾರ್ಖಾನೆಗಳಲ್ಲಿ ಎಂಟು ಗಂಟೆ ಬೂಟಿನೊಳಗೆ ಬೇಯುವ ಕಾಲು. ಕಾಸರಗೋಡು, ವಯನಾಡಿನ ಗದ್ದೆ ತೋಟಗಳಲ್ಲಿ ಮಳೆಗಾಲವಿಡೀ ನೆನೆಯುವ ಕಾಲು. ಹಿಮ್ಮಡಿಯ ಕಾಟ ಎಲ್ಲ ಕಡೆ ಇದೆ, ರೂಪ ಬೇರೆ ಬೇರೆ.

ಮನೆಯಲ್ಲೇ ಮಾಡುವ ಆರೈಕೆ

ಸಾಮಾನ್ಯ ಒಡಕಿಗೆ ಈ ಕ್ರಮ ಅನುಸರಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಬೇರೆ ಕ್ರಮವಿದೆ. ಅದನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ.

1. ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 15 ನಿಮಿಷ ಕಾಲಿಡಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ. ನೀರು ಬಿಸಿಯಾದಷ್ಟೂ, ಹೊತ್ತು ಹೆಚ್ಚಾದಷ್ಟೂ ಚರ್ಮ ಆಮೇಲೆ ಇನ್ನಷ್ಟು ಒಣಗುತ್ತದೆ.

2. ನೆನೆದ ಜಡ್ಡನ್ನು ಬಚ್ಚಲ ಕಲ್ಲಿನಿಂದ ಅಥವಾ ಅಂಗಡಿಯಲ್ಲಿ ಸಿಗುವ ಪ್ಯೂಮಿಸ್ ಕಲ್ಲಿನಿಂದ ಮೃದುವಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ವಾರಕ್ಕೆ ಎರಡು ಮೂರು ಸಲ ಸಾಕು. ಒಂದೇ ದಿನದಲ್ಲಿ ನುಣುಪಾಗಬೇಕೆಂಬ ಹಟ ಬೇಡ. ರಕ್ತ ಒಸರುವ ಸೀಳಿನ ಮೇಲೆ ಉಜ್ಜಬೇಡಿ. ಒಬ್ಬರ ಕಲ್ಲನ್ನು ಮನೆಮಂದಿಯೆಲ್ಲ ಬಳಸಬೇಡಿ.

3. ಬಟ್ಟೆಯಿಂದ ಒತ್ತಿ ಒರೆಸಿ. ಬೆರಳ ಸಂದಿಗಳನ್ನು ಪೂರ್ತಿ ಒಣಗಿಸಿ.

4. ಚರ್ಮದಲ್ಲಿ ಸ್ವಲ್ಪ ತೇವ ಇರುವಾಗಲೇ, ಎರಡು ಮೂರು ನಿಮಿಷಗಳೊಳಗೆ, ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ, ತೆಂಗಿನೆಣ್ಣೆ ಅಥವಾ ಹರಳೆಣ್ಣೆ ಹಚ್ಚಿ. ಎಣ್ಣೆ ನೀರನ್ನು ಕೊಡುವುದಿಲ್ಲ, ಇರುವ ನೀರು ಆರದಂತೆ ಮುಚ್ಚಳದಂತೆ ಕಾಯುತ್ತದೆ. ಒಣಗಿದ ಹಿಮ್ಮಡಿಗೆ ಎಣ್ಣೆ ಹಚ್ಚಿ ಗುಣವಾಗಲಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

5. ಜಡ್ಡು ದಪ್ಪವಾಗಿದ್ದರೆ ಔಷಧದ ಅಂಗಡಿಯಲ್ಲಿ ಯೂರಿಯಾ ಇರುವ ಮುಲಾಮು ಕೇಳಿ. 10ರಿಂದ 25 ಶೇಕಡಾ ಯೂರಿಯಾ ಇರುವ ಮುಲಾಮು ಜಡ್ಡನ್ನು ಕರಗಿಸಿ ತೇವವನ್ನು ಹಿಡಿದಿಡುತ್ತದೆ. ಸೀಳಿನೊಳಗೆ ಹೋದರೆ ಸ್ವಲ್ಪ ಉರಿಯುತ್ತದೆ, ಹೆದರಬೇಕಾಗಿಲ್ಲ. ಹೊಲಕ್ಕೆ ಹಾಕುವ ಯೂರಿಯಾವನ್ನು ಕಲಸಿ ಹಚ್ಚುವ ಸಾಹಸ ಮಾತ್ರ ಬೇಡ!

6. ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಹಾಸಿಗೆಗೂ ಜಿಡ್ಡಾಗದು, ಮುಲಾಮೂ ಅಳಿಸಿಹೋಗದು.

7. ಹಗಲಿನಲ್ಲಿ ಹಿಂಬದಿ ಮುಚ್ಚಿದ, ಅಟ್ಟೆ ಮೆತ್ತಗಿರುವ ಪಾದರಕ್ಷೆ ಧರಿಸಿ. ಮನೆಯೊಳಗೆ ಕಲ್ಲು, ಟೈಲ್ಸ್ ನೆಲವಿದ್ದರೆ ಒಳಗೂ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ. ಹಗಲು ರಾತ್ರಿ ಅಡುಗೆಮನೆಯಲ್ಲಿ ನಿಂತೇ ಇರುವ ತಾಯಂದಿರಿಗೆ ಇದು ಆಡಂಬರವಲ್ಲ, ಅಗತ್ಯ.

ಹೀಗೆ ಬಿಡದೆ ಮಾಡಿದರೆ ಎರಡು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ, ತಿಂಗಳೊಳಗೆ ಸಾಧಾರಣ ಒಡಕು ಕೂಡಿಕೊಳ್ಳುತ್ತದೆ. ಆಮೇಲೂ ವಾರಕ್ಕೆರಡು ಸಲವಾದರೂ ಮುಂದುವರಿಸಿ. ಬಿಟ್ಟರೆ ಮತ್ತೆ ಒಡೆಯುತ್ತದೆ.

ಮಾಡಬಾರದ ಕೆಲಸಗಳು

ಬ್ಲೇಡು, ಚಾಕು, ಉಗುರು ಕತ್ತರಿಯಿಂದ ಜಡ್ಡು ಕೊಯ್ಯಬೇಡಿ. ಸತ್ತ ಚರ್ಮ ಎಲ್ಲಿ ಮುಗಿಯಿತು, ಜೀವಂತ ಚರ್ಮ ಎಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ಕಾಣದು.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹಿಮ್ಮಡಿಗೆ ಹಚ್ಚುವ ರೂಢಿ ಗೇರು ಬೆಳೆಯುವ ಕರಾವಳಿಯಲ್ಲಿ ಹಿಂದಿನಿಂದ ಇದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಬಿಬ್ಬಾ ಎಂಬ ಕಾಯಿಯ ಎಣ್ಣೆಯನ್ನು ಸುಟ್ಟು ಹಚ್ಚುತ್ತಾರೆ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ ಅದು. ಎರಡೂ ಒಂದೇ ಸಸ್ಯ ಕುಟುಂಬದ ಗಿಡಗಳು, ಎರಡರ ಎಣ್ಣೆಯೂ ಚರ್ಮವನ್ನು ಸುಡುತ್ತದೆ. ದಪ್ಪ ಜಡ್ಡಿನ ಮೇಲೆ ಬಿದ್ದಾಗ ಉಪಕಾರವಾದಂತೆ ತೋರಬಹುದು. ಆದರೆ ಪಕ್ಕದ ತೆಳು ಚರ್ಮಕ್ಕೆ ತಾಗಿದರೆ ಗುಳ್ಳೆ ಎದ್ದು, ಬಾತು, ನೀರು ಸೋರಿ, ವಾರಗಟ್ಟಲೆ ನರಳಬೇಕಾಗುತ್ತದೆ. ಹಿರಿಯರು ಬೇರೆ ಮದ್ದಿಲ್ಲದ ಕಾಲದಲ್ಲಿ ಬಳಸಿದರು. ನಮಗೆ ಆ ಕಷ್ಟವಿಲ್ಲ.

ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಹಚ್ಚುವ ಮನೆಮದ್ದು ಅಷ್ಟು ಕೆಟ್ಟದ್ದಲ್ಲ. ಅದೂ ಪೆಟ್ರೋಲಿಯಂ ಜೆಲ್ಲಿಯಂತೆ ತೇವ ಕಾಯುವ ಮುಚ್ಚಳವೇ. ಆದರೆ ಪೂರ್ತಿ ತಣಿದು ಮುಲಾಮಿನಂತೆ ಗಟ್ಟಿಯಾದ ಮೇಲೆ ಹಚ್ಚಬೇಕು. ಉರಿಯುವ ಮೇಣದಬತ್ತಿಯಿಂದ ಸೀಳಿಗೆ ನೇರ ತೊಟ್ಟಿಕ್ಕಿಸುವುದು ಸುಟ್ಟಗಾಯಕ್ಕೆ ದಾರಿ. ಪ್ಲಾಸ್ಟಿಕ್ಕಿಗೂ ಮರಕ್ಕೂ ಹಾಕುವ ಅಂಟನ್ನು ಸೀಳಿಗೆ ತುಂಬುವುದೂ ಬೇಡ. ಆಸ್ಪತ್ರೆಯಲ್ಲಿ ಚರ್ಮ ಕೂಡಿಸಲು ಬಳಸುವ ಅಂಟು ಬೇರೆ, ಅಂಗಡಿಯ ಅಂಟು ಬೇರೆ. ಒಳಗೆ ಕೊಳೆ ಇಟ್ಟು ಮೇಲೆ ಮುಚ್ಚಿದರೆ ಕೀವಾಗುತ್ತದೆ.

ಎಲ್ಲವೂ ಒಡಕಲ್ಲ

ಹಿಮ್ಮಡಿಯಲ್ಲಿ ಕಾಣುವ ಇತರ ತೊಂದರೆಗಳನ್ನೂ ಗುರುತಿಸಲು ಕಲಿಯೋಣ.

ಶಿಲೀಂಧ್ರದ ಸೋಂಕು: ಹಿಮ್ಮಡಿಯಿಂದ ಅಂಗಾಲಿನವರೆಗೆ ಹಿಟ್ಟು ಎರಚಿದಂತೆ ಬಿಳಿ ಹೊಟ್ಟು ಏಳುತ್ತಿದ್ದರೆ, ಜೊತೆಗೆ ಬೆರಳ ಸಂದಿ ಬೆಳ್ಳಗಾಗಿ ತುರಿಸುತ್ತಿದ್ದರೆ, ಉಗುರು ಹಳದಿಯಾಗಿ ದಪ್ಪಗಾಗಿದ್ದರೆ ಇದು ಬರೀ ಒಣಚರ್ಮವಲ್ಲ. ಇದಕ್ಕೆ ಎಣ್ಣೆ ಸಾಲದು. ಕ್ಲೋಟ್ರಿಮಜೋಲ್, ಟರ್ಬಿನಾಫಿನ್‌ನಂಥ ಮುಲಾಮನ್ನು ವೈದ್ಯರು ಹೇಳಿದಷ್ಟು ವಾರ ಹಚ್ಚಬೇಕು. ತುರಿಕೆ ನಿಂತಿತೆಂದು ನಡುವೆ ಬಿಡಬಾರದು. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ ಮಿಶ್ರ ಮುಲಾಮುಗಳನ್ನು ಕೇಳಿ ಹಚ್ಚಬೇಡಿ. ಮೂರು ದಿನ ತುರಿಕೆ ಅಡಗಿಸಿ, ನಾಲ್ಕನೆಯ ದಿನದಿಂದ ಸೋಂಕನ್ನು ಹರಡುವ ಮುಲಾಮುಗಳಿವು. ಔಷಧಕ್ಕೆ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಹೆಚ್ಚಲು ಇವುಗಳ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಎಚ್ಚರಿಸುತ್ತಲೇ ಇದ್ದಾರೆ.

ಗುಳಿ ಬೀಳುವುದು: ಬೂಟಿನೊಳಗೆ ಬೆವರುವವರ, ಕೆಸರಿನಲ್ಲಿ ನಿಲ್ಲುವವರ ಹಿಮ್ಮಡಿಯಲ್ಲಿ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು ಬಿದ್ದು ಕೆಟ್ಟ ವಾಸನೆ ಬರುತ್ತದೆ. ಇದು ಬ್ಯಾಕ್ಟೀರಿಯಾದ ಕೆಲಸ. ಕಾಲನ್ನು ಒಣಗಿಸುವುದೇ ಮುಖ್ಯ ಔಷಧ. ಎರಡು ಜೊತೆ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಬಿಸಿಲಿಗಿಡಿ, ಕಾಲುಚೀಲ ದಿನವೂ ಬದಲಿಸಿ. ವೈದ್ಯರು ಕೊಡುವ ಹಚ್ಚುವ ಔಷಧದಿಂದ ಬೇಗ ಗುಣವಾಗುತ್ತದೆ.

ಆಣಿ ಮತ್ತು ನರುಲಿ: ಎರಡನ್ನೂ ಜನ ಒಂದೇ ಎಂದು ತಿಳಿಯುತ್ತಾರೆ. ಆಣಿ ಒತ್ತಡದಿಂದ ಬರುತ್ತದೆ. ಮೇಲಿನಿಂದ ಒತ್ತಿದರೆ ನೋವು. ನರುಲಿ ವೈರಸ್‌ನಿಂದ ಬರುತ್ತದೆ. ಎರಡು ಬೆರಳ ನಡುವೆ ಹಿಂಡಿದರೆ ನೋವು, ಮೇಲ್ಪದರ ಉಜ್ಜಿದರೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಆಣಿಗೆ ಒತ್ತಡ ತಪ್ಪಿಸುವ ಪಾದರಕ್ಷೆ ಬೇಕು. ನರುಲಿಗೆ ಸ್ಯಾಲಿಸಿಲಿಕ್ ಆಮ್ಲದ ಔಷಧವನ್ನು ಸುಮಾರು ಮೂರು ತಿಂಗಳು ಬಿಡದೆ ಹಚ್ಚಬೇಕು. ಮಕ್ಕಳಲ್ಲಿ ಎಷ್ಟೋ ನರುಲಿಗಳು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ.

ನೀರ್ಗುಳ್ಳೆ: ಶಾಲೆಗೆ ಹೊಸ ಬೂಟು ಹಾಕಿದ ಮಕ್ಕಳಿಗೂ, ಸೆಪ್ಟೆಂಬರ್ 8ರ ಹಬ್ಬಕ್ಕೆ ವೇಳಾಂಗಣ್ಣಿಗೆ ನಡೆದು ಹೋಗುವವರಿಗೂ ಇದು ಪರಿಚಿತ. ಸಣ್ಣ ಗುಳ್ಳೆಯನ್ನು ಒಡೆಯಬೇಡಿ. ದೊಡ್ಡದಾಗಿ ಬಿಗಿದು ನಡೆಯಲಾರದಂತಾದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬಹುದು, ಆದರೆ ಮೇಲಿನ ಚರ್ಮ ಕೀಳಬಾರದು. ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಇಲ್ಲ. ದೂರ ನಡೆಯುವವರು ಹೊಸ ಪಾದರಕ್ಷೆಯಲ್ಲಿ ಹೊರಡದೆ, ಹದಿನೈದು ದಿನ ಮೊದಲೇ ಹಾಕಿ ಪಳಗಿಸಿಕೊಳ್ಳಿ.

ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ದಿನೇ ದಿನೇ ಹಿಗ್ಗುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ರಕ್ತ ಒಸರುತ್ತಿದ್ದರೆ ಕೂಡಲೇ ತೋರಿಸಿ. ಅಪರೂಪವಾದರೂ ನಮ್ಮ ಮೈಬಣ್ಣದವರಲ್ಲಿ ಚರ್ಮದ ಒಂದು ಬಗೆಯ ಕ್ಯಾನ್ಸರ್ ಅಂಗಾಲಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಸೀಳು ಒಂದು ತೆರೆದ ಬಾಗಿಲು

ಚರ್ಮ ನಮ್ಮ ಮನೆಯ ಗೋಡೆ ಇದ್ದಂತೆ. ಆಳವಾದ ಸೀಳು ಎಂದರೆ ಬಾಗಿಲು ತೆರೆದಿಟ್ಟಂತೆ. ಅದರಿಂದ ಕ್ರಿಮಿ ಒಳಹೊಕ್ಕು ಕಾಲು ಕೆಂಪಾಗಿ, ಬಿಸಿಯಾಗಿ, ಊದಿ, ಚಳಿಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಆನೆಕಾಲು ಇರುವವರಿಗೆ ಇಂಥ ಪ್ರತಿಯೊಂದು ಜ್ವರವೂ ಊತವನ್ನು ಹೆಚ್ಚಿಸುತ್ತದೆ. ಅವರು ದಿನವೂ ಕಾಲು ತೊಳೆದು, ಒಣಗಿಸಿ, ಸೀಳುಗಳಿಗೆ ಮುಲಾಮು ಹಚ್ಚಲೇಬೇಕು.

ಮಣ್ಣು, ಗೊಬ್ಬರದಲ್ಲಿ ಕೆಲಸ ಮಾಡುವವರು ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಇನ್ನು ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಒಡೆದ ಚರ್ಮದ ಮೂಲಕ ದೇಹ ಸೇರುತ್ತದೆ. 2018ರ ಮಹಾಪೂರದ ನಂತರ ಕೇರಳದಲ್ಲಿ ಇದು ಹಬ್ಬಿ ಸಾವುಗಳಾದದ್ದು ಕಾಸರಗೋಡು, ವಯನಾಡಿನ ಓದುಗರಿಗೆ ನೆನಪಿರಬಹುದು. ಕೆಸರಿನಲ್ಲಿ ಇಳಿಯುವವರಿಗೆ ಅಲ್ಲಿನ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ನೀಡುತ್ತದೆ. ಆರೋಗ್ಯ ಕಾರ್ಯಕರ್ತರ ಸಲಹೆಯಂತೆ ಮಾತ್ರ ಅದನ್ನು ತೆಗೆದುಕೊಳ್ಳಿ. ಹಿಮ್ಮಡಿ ಒಡೆದಿರುವಾಗ ಗಂಬೂಟು ಇಲ್ಲದೆ ಗದ್ದೆಗೆ ಇಳಿಯಬೇಡಿ.

ನೋಯದ ಹಿಮ್ಮಡಿ

ಈಗ ಎರಡನೆಯ ಮಾತಿಗೆ ಬರೋಣ.

ಡಾ. ಪೌಲ್ ಬ್ರಾಂಡ್ (1914–2003) ಎಂಬ ಶಸ್ತ್ರವೈದ್ಯರು ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಮಿಷನರಿ ತಂದೆತಾಯಿಗೆ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಸೇವೆ ಮಾಡಿದರು. ಕುಷ್ಠದಲ್ಲಿ ಬೆರಳು, ಪಾದ ತಾವಾಗಿ ಕೊಳೆತು ಉದುರುತ್ತವೆ ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಹಾಗಲ್ಲ, ರೋಗ ನರಗಳನ್ನು ಕೆಡಿಸಿ ನೋವನ್ನು ಕಿತ್ತುಕೊಳ್ಳುತ್ತದೆ, ನೋವಿಲ್ಲದ ಕಾರಣ ರೋಗಿ ಗಾಯದ ಮೇಲೆಯೇ ನಡೆದು, ಸುಟ್ಟುಕೊಂಡು, ತನಗೆ ತಿಳಿಯದೆಯೇ ಅಂಗ ಕಳೆದುಕೊಳ್ಳುತ್ತಾನೆ ಎಂದು ಅವರು ತೋರಿಸಿಕೊಟ್ಟರು.

ಒಮ್ಮೆ ಅವರು ಜ್ವರದಲ್ಲಿ ದೂರ ಪ್ರಯಾಣ ಮಾಡಿ ಲಂಡನ್‌ನ ಕೊಠಡಿಯೊಂದರಲ್ಲಿ ಬೂಟು ಬಿಚ್ಚಿದಾಗ ತಮ್ಮ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲದ್ದು ಗಮನಕ್ಕೆ ಬಂತು. ಪಿನ್ನಿನಿಂದ ಚುಚ್ಚಿದರು, ರಕ್ತ ಬಂತು, ನೋವು ಬರಲಿಲ್ಲ. ತನಗೂ ಕುಷ್ಠ ತಗಲಿತೆಂದು ರಾತ್ರಿಯಿಡೀ ಕಳವಳದಲ್ಲಿ ಕಳೆದರು. ಬೆಳಿಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಿನಿಂದ ಚೀರಿದರು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಮರಗಟ್ಟಿತ್ತು, ಅಷ್ಟೇ. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಹೇಳಿದರು. ನೋವು ದೇವರು ಕೊಟ್ಟ ಕಾವಲುಗಾರ ಎಂಬುದನ್ನು ಅವರು ಜೀವನವಿಡೀ ಬೋಧಿಸಿದರು.

ಇಂದು ಈ ಕಾವಲುಗಾರನನ್ನು ನಮ್ಮ ಮನೆಗಳಿಂದ ಕದಿಯುತ್ತಿರುವುದು ಹೆಚ್ಚಾಗಿ ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ವರ್ಷಗಳು ಕಳೆದಂತೆ ಸಕ್ಕರೆ ಪಾದದ ನರಗಳನ್ನು ಮಂಕಾಗಿಸುತ್ತದೆ. ಬೆವರೂ ಕಡಿಮೆಯಾಗಿ ಹಿಮ್ಮಡಿ ಇನ್ನಷ್ಟು ಒಣಗಿ ಒಡೆಯುತ್ತದೆ. ರಕ್ತ ಸಂಚಾರ ಕುಗ್ಗಿದರೆ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಇನ್ನೂ ಹೆಚ್ಚು. ಹೀಗೆ ಒಂದು ಸಣ್ಣ ಸೀಳು ಹುಣ್ಣಾಗಿ, ಮೂಳೆ ಮುಟ್ಟಿ, ಕಾಲು ಕತ್ತರಿಸುವವರೆಗೆ ಹೋಗುತ್ತದೆ. ಇಷ್ಟಾದರೂ ರೋಗಿ ಹೇಳುವುದೊಂದೇ: "ನನಗೇನೂ ನೋವಿಲ್ಲವಲ್ಲ!"

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದನ್ನು ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ರೂಪಿಸಿದ್ದಾರೆ. ಸಕ್ಕರೆ ಕಾಯಿಲೆಯವರು ಕಣ್ಣು ಮುಚ್ಚಿ ಮಲಗಲಿ. ಮನೆಯವರೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ. ಒತ್ತಬಾರದು, ಸವರಬಾರದು. ಆರು ಸಲದಲ್ಲಿ ಎರಡು ಅಥವಾ ಹೆಚ್ಚು ಸಲ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ಇದರಲ್ಲಿ ಹಿಮ್ಮಡಿಯನ್ನಲ್ಲ, ಬೆರಳುಗಳನ್ನು ಪರೀಕ್ಷಿಸುತ್ತಾರೆ. ಇದು ವೈದ್ಯರ ವಾರ್ಷಿಕ ಪಾದ ಪರೀಕ್ಷೆಗೆ ಬದಲಿಯಲ್ಲ, ಅವರ ಬಳಿ ಹೋಗಲು ಒಂದು ನೆಪ.

ಸಕ್ಕರೆ ಕಾಯಿಲೆಯವರಿಗೆ ನಿಯಮಗಳು ಹೀಗಿವೆ:

1. ಕಾಲು ನೆನೆಯಿಡಬೇಡಿ. ತೊಳೆದು ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡಿ.

2. ದಿನವೂ ಹಿಮ್ಮಡಿ ನೋಡಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಕಣ್ಣು ಮಂದವಾಗಿದ್ದರೆ ಮಕ್ಕಳು, ಮೊಮ್ಮಕ್ಕಳು ನೋಡಲಿ. ರಾತ್ರಿ ಜಪಸರ ಮುಗಿದ ಮೇಲೆ ಅಜ್ಜಿಯ ಪಾದ ನೋಡಲು ಎರಡೇ ನಿಮಿಷ ಬೇಕು.

3. ಎಣ್ಣೆ ಅಥವಾ ಯೂರಿಯಾ ಮುಲಾಮು ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ.

4. ಆಣಿ ತೆಗೆಯುವ ಪಟ್ಟಿ, ಸ್ಯಾಲಿಸಿಲಿಕ್ ಆಮ್ಲ, ಬ್ಲೇಡು, ಗೇರು ಎಣ್ಣೆ ಇವುಗಳಲ್ಲಿ ಯಾವುದನ್ನೂ ಮುಟ್ಟಬೇಡಿ. ಚಳಿಗೆ ಬಿಸಿನೀರಿನ ಚೀಲ, ಬೆಂಕಿಯ ಮುಂದೆ ಕಾಲು ಚಾಚುವುದು ಬೇಡ.

5. ಪಾದರಕ್ಷೆ ಹಾಕುವ ಮುನ್ನ ಒಳಗೆ ಕೈಹಾಕಿ ಕಲ್ಲು, ಮೊಳೆ ಇದೆಯೇ ನೋಡಿ.

6. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ.

ಈ ಕೊನೆಯ ನಿಯಮದ ಬಗ್ಗೆ ಒಂದು ಮಾತು. ನಮ್ಮ ಅನೇಕ ದೇವಾಲಯಗಳಲ್ಲಿ ಚಪ್ಪಲಿಯನ್ನು ಹೊರಗೆ ಬಿಡುವ ಪದ್ಧತಿ ಇದೆ. ಒಳ್ಳೆಯ ಪದ್ಧತಿಯೇ. ಆದರೆ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಅಂಗಳದ ಕಲ್ಲುಹಾಸು ಕಾದ ಹೆಂಚಿನಂತಿರುತ್ತದೆ. ಸ್ಪರ್ಶವಿಲ್ಲದ ಪಾದ ಅದರ ಮೇಲೆ ನಿಂತರೆ ಸುಟ್ಟದ್ದು ತಿಳಿಯುವುದು ಮರುದಿನ ಗುಳ್ಳೆ ಎದ್ದಾಗ. ಶುಭ ಶುಕ್ರವಾರದ ಶಿಲುಬೆ ಹಾದಿಯನ್ನು ಬರಿಗಾಲಲ್ಲಿ ಮಾಡುವ ಹಿರಿಯರಿಗೂ ಇದೇ ಅಪಾಯ. ಸಕ್ಕರೆ ಕಾಯಿಲೆಯವರು ಪಾದರಕ್ಷೆ ಧರಿಸಿಯೇ ನಡೆಯಲಿ, ಒಳಗೆ ಬರುವಾಗ ದಪ್ಪ ಕಾಲುಚೀಲವಾದರೂ ಇರಲಿ. ಅದರಿಂದ ಭಕ್ತಿಗೆ ಕೊರತೆಯಾಗದು. ಹರಕೆ ಹೊತ್ತಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಿ. ಹರಕೆಯನ್ನು ಬೇರೆ ಪುಣ್ಯಕಾರ್ಯಕ್ಕೆ ಬದಲಿಸಲು ಅವಕಾಶವಿದೆ.

ಕುಷ್ಠರೋಗ ಮುಗಿದ ಕಥೆಯೆಂದೂ ತಿಳಿಯಬಾರದು. 2005ರಲ್ಲಿ ದೇಶದ ಸರಾಸರಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು ನಿಜ, ಆದರೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಸ್ಪರ್ಶವಿಲ್ಲದ ಮಾಸಲು ಮಚ್ಚೆ, ಮಾಯದ ಅಂಗಾಲಿನ ಹುಣ್ಣು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಔಷಧ ಉಚಿತ. ಆರರಿಂದ ಹನ್ನೆರಡು ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ. ಡಾ. ಬ್ರಾಂಡ್ ಅವರ ಕಾಲದಲ್ಲಿ ವೆಲ್ಲೂರು, ಕರಿಗಿರಿಯಲ್ಲಿ ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ವೈದ್ಯರು ಹೇಳುತ್ತಾರೆ. "ಅದು ಕುಷ್ಠದ ಚಪ್ಪಲಿ" ಎಂದು ನಾಚಿ ಬಿಡುವವರಿದ್ದಾರೆ. ಚಪ್ಪಲಿಗೆ ನಾಚಿ ಕಾಲು ಕಳೆದುಕೊಳ್ಳುವುದು ಯಾವ ಜಾಣತನ?

ಹಾಸಿಗೆ ಹಿಡಿದವರ ಹಿಮ್ಮಡಿ

ಪಾರ್ಶ್ವವಾಯು, ಮೂಳೆ ಮುರಿತದಿಂದ ಮಲಗಿದ ಹಿರಿಯರಿರುವ ಮನೆಯವರು ಬೆನ್ನಿನ ಹುಣ್ಣನ್ನು ಗಮನಿಸುತ್ತಾರೆ, ಹಿಮ್ಮಡಿಯನ್ನು ಮರೆಯುತ್ತಾರೆ. ಒತ್ತಡದ ಹುಣ್ಣು ಹೆಚ್ಚಾಗಿ ಏಳುವ ಜಾಗಗಳಲ್ಲಿ ಹಿಮ್ಮಡಿಯೂ ಒಂದು. ಮೀನಖಂಡದ ಕೆಳಗೆ ಉದ್ದಕ್ಕೆ ಒಂದು ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ಇರುವಂತೆ ಮಾಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ ಕೆಂಪಾಗಿದ್ದರೆ ಅಥವಾ ಕಪ್ಪಿಟ್ಟಿದ್ದರೆ ತಿಕ್ಕಬೇಡಿ. ತಿಕ್ಕಿದರೆ ಒಳಗಿನ ಚರ್ಮ ಇನ್ನಷ್ಟು ಹರಿಯುತ್ತದೆ. ಅಲ್ಲಿಂದ ಭಾರ ತೆಗೆಯುವುದೇ ಚಿಕಿತ್ಸೆ. ಬಣ್ಣ ಹಾಗೆಯೇ ಉಳಿದರೆ ದಾದಿಯರಿಗೆ ಅಥವಾ ವೈದ್ಯರಿಗೆ ತೋರಿಸಿ.

ವೈದ್ಯರಿಗೆ ಹೇಳುವುದು ಹೇಗೆ?

ಗಡಿಯಾಚೆಯ ನಮ್ಮ ಹಿರಿಯರಿಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯಲ್ಲಿ ಕನ್ನಡ ತಿಳಿಯದು, ಇವರಿಗೆ ಅಲ್ಲಿನ ಮಾತು ಪೂರ್ತಿ ಬಾರದು. ಕಾಲು ತೋರಿಸಿ ತಲೆಯಾಡಿಸಿ ಬರುತ್ತಾರೆ. "ನೋವಿಲ್ಲ" ಎಂದಷ್ಟೇ ಹೇಳಿದರೆ ವೈದ್ಯರು ಸಮಾಧಾನಪಡುತ್ತಾರೆ. ಹೇಳಬೇಕಾದದ್ದು "ಮುಟ್ಟಿದರೆ ತಿಳಿಯುವುದಿಲ್ಲ" ಎಂದು. ಆದ್ದರಿಂದ ಕೆಲವು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಿಮ್ಮಡಿಗೆ ಮಲಯಾಳದಲ್ಲಿ ಉಪ್ಪೂಟ್ಟಿ, ತಮಿಳಿನಲ್ಲಿ ಕುದಿಕಾಲ್, ತೆಲುಗಿನಲ್ಲಿ ಮಡಮ, ಮರಾಠಿಯಲ್ಲಿ ಟಾಚ್. ಮರಗಟ್ಟಿದೆ ಎನ್ನಲು ಮಲಯಾಳದಲ್ಲಿ ಮರವಿಪ್ಪು, ತಮಿಳಿನಲ್ಲಿ ಮರತ್ತುಪ್ಪೋಚ್ಚು, ತೆಲುಗಿನಲ್ಲಿ ಸ್ಪರ್ಶ ಲೇದು, ಮರಾಠಿಯಲ್ಲಿ ಬಧೀರ್. ಎಷ್ಟು ದಿನದಿಂದ, ಸಕ್ಕರೆ ಎಷ್ಟು, ಯಾವ ಮುಲಾಮು ಹಚ್ಚಿದಿರಿ ಎಂಬುದನ್ನೂ ಹೇಳಿ. ಬೂಟು, ಕಾಲುಚೀಲ ಬಿಚ್ಚಿ ಪಾದ ತೋರಿಸಲು ಸಂಕೋಚ ಬೇಡ. ವೈದ್ಯರು ಕೇಳದಿದ್ದರೂ ನೀವೇ ತೋರಿಸಿ.

ಇವಿಷ್ಟು ಕಂಡರೆ ತಡಮಾಡಬೇಡಿ: ಸೀಳಿನಿಂದ ಕೀವು ಅಥವಾ ನಿಲ್ಲದ ರಕ್ತ; ಕಾಲು ಕೆಂಪಾಗಿ ಊದಿ ಜ್ವರ; ಎರಡು ವಾರ ಆರೈಕೆ ಮಾಡಿದರೂ ಮಾಯದ ಗಾಯ; ಹಿಮ್ಮಡಿ ಕಪ್ಪಾಗುವುದು ಅಥವಾ ತಣ್ಣಗಾಗುವುದು; ಸಕ್ಕರೆ ಕಾಯಿಲೆ ಇರುವವರಲ್ಲಿ ಎಷ್ಟೇ ಸಣ್ಣ ಗಾಯ. ಕೊನೆಯದಕ್ಕೆ ಎರಡು ವಾರ ಕಾಯುವಂತಿಲ್ಲ, ಎರಡು ದಿನವೂ ಹೆಚ್ಚು.

ಪ್ರಿಯ ಓದುಗರೇ, ಇದನ್ನು ಓದಿ ಪತ್ರಿಕೆಯನ್ನು ಮಡಚುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಹಿಮ್ಮಡಿಯನ್ನು ತಿರುಗಿಸಿ ನೋಡಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರ ಹಿಮ್ಮಡಿಯನ್ನು ನೋಡಿ, ಮುಟ್ಟಿ, "ತಿಳಿಯು‌ತ್ತದೆಯೇ?" ಎಂದು ಕೇಳಿ. ನೋಯುತ್ತದೆ ಎಂದರೆ ಎಣ್ಣೆ ತನ್ನಿ. ತಿಳಿಯುವುದಿಲ್ಲ ಎಂದರೆ ನಾಳೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿಮ್ಮಡಿಯ ಚರ್ಮದ ಮಾತಾಯಿತು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಒಳಗೆ ಬರುವ ನೋವಿನ ಬಗ್ಗೆ ಮುಂದಿನ ಸಂಚಿಕೆಯಲ್ಲಿ ನೋಡೋಣ.